ಬಳ್ಳಾರಿ ಅಂದ್ರೆ 1999 ಅಷ್ಟೇನಾ?

ಬಳ್ಳಾರಿ ಲೋಕಸಭಾ ಕ್ಷೇತ್ರದ ಮಾತು ಬಂದರೆ ಸಾಕು, ಟಿವಿಯವರು ಈಗಲೂ 1999ರ ಹಳೇ ಕ್ಲಿಪ್ ತೆಗೀತಾರೆ. ಒಂದು ಕಡೆ ಸೋನಿಯಾ ಗಾಂಧಿ ಕೈ ಬೀಸ್ತಿರ್ತಾರೆ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್ ಕನ್ನಡದಲ್ಲಿ ಭಾಷಣ ಮಾಡ್ತಿರ್ತಾರೆ. 56,100 ಮತಗಳ ಅಂತರದಿಂದ ಸೋನಿಯಾ ಗೆದ್ದರು, ಕಥೆ ಮುಗೀತು. ನನಗೆ ಈ ಕಥೆ ಕೇಳಿ ಕೇಳಿ ಬೇಜಾರಾಗಿದೆ. ಈ ಕ್ಷೇತ್ರದ ಚರಿತ್ರೆಯಲ್ಲಿ ಅತಿ ಹೆಚ್ಚು ಸದ್ದು ಮಾಡಿದ ಚುನಾವಣೆ ಅದು, ಒಪ್ಪಿದೆ. ಆದರೆ ಬಳ್ಳಾರಿಯನ್ನ ಅರ್ಥ ಮಾಡ್ಕೊಳ್ಳೋಕೆ ಅದು ಅಷ್ಟೇನೂ ಸಹಾಯ ಮಾಡಲ್ಲ ಅನ್ನೋದು ನನ್ನ ವಾದ.

"ಇಬ್ಬರು ಹೆಣ್ಣುಮಕ್ಕಳ ಸಮರ" ಅಂತ ಆಗ ಪತ್ರಿಕೆಗಳಲ್ಲಿ ಏನು ಅಬ್ಬರ! ಆದರೆ ಅದಕ್ಕೂ ಮುಂಚೆ 1984, 1989, 1991, ಹೀಗೆ ಸತತ ಮೂರು ಸಲ ಇದೇ ಬಳ್ಳಾರಿಯಿಂದ ಗೆದ್ದವರು ಬಸವರಾಜೇಶ್ವರಿ. ನರಸಿಂಹ ರಾವ್ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ ನೋಡಿಕೊಂಡವರು. ಅವರ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತು? ದಿಲ್ಲಿಯಿಂದ ಬಂದು ಕೆಲವೇ ವಾರ ಇದ್ದು ಹೋದವರ ನೆನಪು ಹಸಿರಾಗಿದೆ, ಮೂರು ಸಲ ಗೆದ್ದವರು ಹಳೇ ಪಟ್ಟಿಯ ಒಂದು ಸಾಲಾಗಿ ಉಳಿದಿದ್ದಾರೆ.

ಹೊರಗಿನವರು ಬಂದು ನಿಂತಿದ್ದು ಹೊಸದು ಅನ್ನೋದೂ ಸುಳ್ಳು. 1967 ಮತ್ತು 1971ರಲ್ಲಿ ಇಲ್ಲಿಂದ ಗೆದ್ದ ವಿ.ಕೆ.ಆರ್.ವಿ. ರಾವ್ ದೊಡ್ಡ ಅರ್ಥಶಾಸ್ತ್ರಜ್ಞರು, ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು. ಊರವರಲ್ಲ ಅಂತ ಜನ ಅವರನ್ನ ದೂರ ಇಡಲಿಲ್ಲ. ಇನ್ನೂ ಹಿಂದೆ ಹೋದರೆ, 1952ರ ಮೊದಲ ಚುನಾವಣೆಯಲ್ಲಿ ಟೇಕೂರು ಸುಬ್ರಹ್ಮಣ್ಯಂ ಗೆದ್ದಾಗ ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು.

ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಸೋತ ಸುಷ್ಮಾ ವರಮಹಾಲಕ್ಷ್ಮಿ ಹಬ್ಬಕ್ಕೆ ಹಲವು ವರ್ಷ ಬರ್ತಾನೇ ಇದ್ದರು. ಈ ಹಬ್ಬದಿಂದಲೇ ಬಿಜೆಪಿ ಬೇರು ಬಿಟ್ಟಿತು ಅಂತ ಸುಲಭವಾಗಿ ಹೇಳಿಬಿಡ್ತಾರೆ. ಹಾಗಿದ್ದರೆ 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಕೋಳೂರು ಬಸವನಗೌಡರು ಹೇಗೆ ಗೆದ್ದರು? ಅರ್ಧ ಶತಮಾನದ ಕಾಂಗ್ರೆಸ್ ಸರಪಳಿ ತುಂಡಾಗಿದ್ದು 2004ರಲ್ಲಿ, ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಗೆದ್ದಾಗ. ಅಷ್ಟೊತ್ತಿಗೆ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತ್ತು. ಕೆಂಪು ಧೂಳಲ್ಲಿ ಲಾರಿಗಳ ಸಾಲು ಬೇಲೇಕೇರಿ ಬಂದರಿನ ತನಕ. ದುಡ್ಡಿನ ದಿಕ್ಕು ಬದಲಾಯಿತು, ರಾಜಕೀಯದ ದಿಕ್ಕೂ ಬದಲಾಯಿತು.

ನನ್ನ ಪ್ರಕಾರ ಕುತೂಹಲದ ಚುನಾವಣೆ ಅಂದ್ರೆ 2009ರದ್ದು. ಕ್ಷೇತ್ರ ಪುನರ್ವಿಂಗಡಣೆಯಾಗಿ ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ರಾಜ್ಯದಲ್ಲಿ ಯಡಿಯೂರಪ್ಪ ಸರ್ಕಾರ, ಸಂಪುಟದಲ್ಲಿ ಗಣಿಧಣಿಗಳಾದ ರೆಡ್ಡಿ ಸಹೋದರರು, ಜೊತೆಗೆ ಅವರ ಆಪ್ತ ಶ್ರೀರಾಮುಲು. ಜಿಲ್ಲೆಯಲ್ಲಿ ಅವರ ಮಾತೇ ಕಾನೂನು ಅಂತಿದ್ದ ಕಾಲ. ಅಂಥಾ ಹೊತ್ತಲ್ಲಿ ಶ್ರೀರಾಮುಲು ಅವರ ತಂಗಿ ಜೆ. ಶಾಂತಾ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಎನ್.ವೈ. ಹನುಮಂತಪ್ಪ ಅವರ ಎದುರು ಗೆದ್ದಿದ್ದು ಬರೀ 2,243 ಮತಗಳಿಂದ! ಇಡೀ ಜಿಲ್ಲೆ ಗಣಿಧಣಿಗಳ ಕಾಲ ಕೆಳಗಿತ್ತು ಅಂತ ಬೆಂಗಳೂರಲ್ಲಿ ಕೂತು ಬರೆಯೋರು ಈ ಅಂಕಿಯನ್ನ ಒಮ್ಮೆ ನೋಡಬೇಕು. ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ, ಸುಪ್ರೀಂ ಕೋರ್ಟಿನ ಗಣಿ ನಿಷೇಧ ಎಲ್ಲಾ ಬಂದಿದ್ದು 2011ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆಯೇ ಅರ್ಧದಷ್ಟು ಮತದಾರರು ಅವರ ಜೊತೆ ಇರಲಿಲ್ಲ.

ಹಾಗಂತ ಕಾಂಗ್ರೆಸ್‌ನವರು ಬೀಗೋ ಹಾಗೂ ಇಲ್ಲ. 2014ರಲ್ಲಿ ಶ್ರೀರಾಮುಲು ಗೆದ್ದರು. 2018ರಲ್ಲಿ ಮೊಳಕಾಲ್ಮೂರಿನಿಂದ ಶಾಸಕರಾಗಿ ಈ ಸ್ಥಾನ ಬಿಟ್ಟರು. ನವೆಂಬರ್ ಉಪಚುನಾವಣೆಯಲ್ಲಿ ತುಮಕೂರು ಜಿಲ್ಲೆಯ ವಿ.ಎಸ್. ಉಗ್ರಪ್ಪ ಬಂದು 2.43 ಲಕ್ಷ ಮತಗಳ ಅಂತರದಿಂದ ಗೆದ್ದರು. ಆರೇ ತಿಂಗಳು ನೋಡಿ, ಅದೇ ಉಗ್ರಪ್ಪ 2019ರಲ್ಲಿ ಬಿಜೆಪಿಯ ದೇವೇಂದ್ರಪ್ಪ ಎದುರು ಸುಮಾರು 55 ಸಾವಿರದಿಂದ ಸೋತರು. ಈ ದೇವೇಂದ್ರಪ್ಪ ಚುನಾವಣೆಗೆ ಸ್ವಲ್ಪ ಮುಂಚೆಯಷ್ಟೇ ಕಾಂಗ್ರೆಸ್ ಬಿಟ್ಟು ಬಂದವರು. 2024ರಲ್ಲಿ ಸಂಡೂರಿನ ಈ. ತುಕಾರಾಂ ಸ್ವತಃ ಶ್ರೀರಾಮುಲು ಅವರನ್ನೇ ಸೋಲಿಸಿದರು. ಇದನ್ನ ಯಾರ ಭದ್ರಕೋಟೆ ಅಂತ ಕರೀತೀರಿ? ಉಪಚುನಾವಣೆಯಲ್ಲಿ ಮಂತ್ರಿಗಳು ಬಂದು ಬೀಡುಬಿಟ್ಟರೆ ಒಂದು ಲೆಕ್ಕ, ದೇಶದ ಗಾಳಿ ಬೀಸಿದರೆ ಇನ್ನೊಂದು ಲೆಕ್ಕ.

ಇಷ್ಟೆಲ್ಲದರಲ್ಲಿ ನನಗೆ ಸಿಟ್ಟು ಬರೋದು ಒಂದಕ್ಕೆ. ಸಂಸದರು ದಿಲ್ಲಿಯಲ್ಲಿ ಮಾತಾಡಲೇಬೇಕಾದ ವಿಷಯ ಬಳ್ಳಾರಿಯಲ್ಲಿ ಚುನಾವಣೆಯ ವಿಷಯವೇ ಆಗಲ್ಲ. ಅದು ತುಂಗಭದ್ರಾ ಜಲಾಶಯ. ಅದನ್ನ ನೋಡಿಕೊಳ್ಳೋ ತುಂಗಭದ್ರಾ ಮಂಡಳಿ ಕೇಂದ್ರ ಸರ್ಕಾರ ರಚಿಸಿದ್ದು, ಆಂಧ್ರ ಬೇರೆಯಾದಾಗಿನ ಕೂಸು ಅದು. 133 ಟಿಎಂಸಿ ಹಿಡೀಬೇಕಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ನೀರು ಹೊರಬಿಡೋ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಲ್ಲಾ ಪಕ್ಷದವರೂ ಅಣೆಕಟ್ಟಿನ ಮೇಲೆ ಫೋಟೊಗೆ ನಿಂತರು. ಅದಕ್ಕೆ ಕೆಲವೇ ತಿಂಗಳ ಮುಂಚೆ ಪ್ರಚಾರ ನಡೆದಿತ್ತಲ್ಲ, ಆಗ ಗೇಟಿನ ಸುದ್ದಿ, ಹೂಳಿನ ಸುದ್ದಿ ಎಷ್ಟು ಭಾಷಣದಲ್ಲಿ ಬಂತು? ಗ್ಯಾರಂಟಿ, ಮೋದಿ, ಜಾತಿ ಲೆಕ್ಕ, ಇಷ್ಟರಲ್ಲೇ ಮುಗೀತು. ಹೂಳಿನಿಂದ ಕಳಕೊಂಡ ನೀರು ಹಿಡಿಯೋಕೆ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಕಟ್ಟಬೇಕೆಂದಿರೋ ಸಮಾನಾಂತರ ಜಲಾಶಯಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. ಒಪ್ಪಿಸೋ ಕೆಲಸಕ್ಕೆ ದಿಲ್ಲಿಯಲ್ಲಿ ಹಟ ಹಿಡಿದು ಕೂರೋರು ಬೇಕು. ಮುಂದಿನ ಸಲ ಮತ ಕೇಳೋಕೆ ಬರೋರು ಯಾವ ಪಕ್ಷದವರೇ ಆಗಿರಲಿ, ಯಾವ ಊರವರೇ ಆಗಿರಲಿ, ಮೊದಲು ನವಲಿ ಬಗ್ಗೆ ಕೇಳಿ. ಆಮೇಲೆ ಬೇಕಾದ್ರೆ ಸೆಲ್ಫಿ ತಗೊಳ್ಳಿ.