ನಮ್ಮವ್ವ ರೇಷ್ಮೆ ಬೆಳೆಗಾರ್ತಿ ಆಗಿದ್ಲು

ಅವ್ವನ ತಿಥಿಗೆ ಅಣ್ಣ ಹಾಕ್ಸಿದ ಫ್ಲೆಕ್ಸಲ್ಲಿ "ತ್ಯಾಗಮಯಿ, ಕರುಣಾಮಯಿ, ವಾತ್ಸಲ್ಯಮಯಿ" ಅಂತ ಇತ್ತು. ಪ್ರಿಂಟಿಂಗ್ ಅಂಗಡಿಯವ್ನ ಹತ್ರ ರೆಡಿ ಇರ್ತವೆ ಅವು, ನಮ್ಮ ಮಳವಳ್ಳಿ ಕಡೆ ಯಾವ ಹೆಂಗ್ಸು ಸತ್ರೂ ಫೋಟೋ ಒಂದು ಬದ್ಲಾಗುತ್ತೆ ಅಷ್ಟೇ. ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಊಟಕ್ಕೆ ಕೂತೋರೆಲ್ಲ "ಪಾಪ, ಕಷ್ಟ ಪಟ್ಟ ಜೀವ ಕನವ್ವ, ಒಂದ್ ದಿನ ಸುಖ ಪಡ್ಲಿಲ್ಲ" ಅಂತ ಒಂದೇ ರಾಗ ಎಳೀತಿದ್ರಲ್ಲ, ನಂಗೆ ಅಳು ಬರೋ ಬದ್ಲು ಸಿಟ್ಟು ಬರ್ತಿತ್ತು. ಅವ್ವ ಬೆವರು ಸುರಿಸಿದ್ದು ಎಲ್ರಿಗೂ ಕಾಣುತ್ತೆ, ಅವಳಿಗೆ ತಲೆ ಇತ್ತು ಅನ್ನೋದು ಯಾಕೆ ಒಬ್ರಿಗೂ ಕಾಣಲ್ಲ?

ರೇಷ್ಮೆ ಹುಳ ಮೇಯಿಸೋದ್ರಲ್ಲಿ ನಮ್ಮೂರಲ್ಲಿ ಅವಳನ್ನ ಮೀರಿಸೋರು ಇರ್ಲಿಲ್ಲ. ಗೊತ್ತಿಲ್ದೋರಿಗೆ ಹೇಳ್ತೀನಿ, ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಅಂತ ಲೆಕ್ಕ) ತಂದ್ರೆ ಅಂದ್ರೆ ಮನೆಗೆ ಹೆಚ್ಚುಕಮ್ಮಿ 40-50 ಸಾವಿರ ಹುಳ ಬಂತು ಅಂತ ಅರ್ಥ. ಅವು ಗೂಡು ಕಟ್ಟೋವರೆಗೂ ಇಪ್ಪತ್ತೈದು ದಿನದ ಆಜುಬಾಜು, ಅದ್ರೊಳಗೆ ನಾಲ್ಕು ಜ್ವರ. ಜ್ವರ ಅಂದ್ರೆ ಖಾಯಿಲೆ ಅಲ್ಲ, ಹುಳ ಪೊರೆ ಬಿಡೋದು, ಆಗ ಸುಮಾರು ಒಂದು ದಿನ ಏನೂ ತಿನ್ನಲ್ಲ, ತಲೆ ಎತ್ಕೊಂಡು ಹಂಗೇ ನಿಂತಿರ್ತವೆ. ಇಲ್ಲೇ ಇರೋದು ಆಟ. ನಾಲ್ಕು ಹುಳ ಎದ್ವು ಅಂತ ಅರ್ಜೆಂಟ್ ಮಾಡಿ ಹಿಪ್ಪುನೇರಳೆ ಸೊಪ್ಪು ಹಾಕಿದ್ರೆ ಎದ್ದಿರೋವು ಮೇಯ್ದು ಮುಂದೆ ಹೋಗ್ತವೆ, ಮಿಕ್ಕಿದ್ದು ಹಿಂದೆ ಬೀಳ್ತವೆ, ಆಮೇಲೆ ಒಂದೇ ತಟ್ಟೇಲಿ ದೊಡ್ಡದು ಚಿಕ್ಕದು ಕಲ್ಸಿಹೋಗಿ ಬೆಳೆ ಕೆಟ್ಟಂಗೇ. ಅಪ್ಪಂಗೆ ತಾಳ್ಮೆ ಇರ್ಲಿಲ್ಲ, "ಎದ್ದವಲ್ಲ ಹಾಕಮ್ಮಿ" ಅನ್ನೋದು. ಅವ್ವ ತಟ್ಟೆ ಹತ್ರ ಬಗ್ಗಿ ನೋಡಿ "ಇನ್ನೂ ಮೂತಿ ಬಿಳಿ ಐತೆ, ಸುಮ್ಕಿರು" ಅಂತ ಸೊಪ್ಪಿನ ಮಂಕರಿನ ಕಾಲಲ್ಲಿ ಹಿಂದಕ್ಕೆ ತಳ್ಳೋಳು.

ನಾಲ್ಕನೇ ಜ್ವರ ಎದ್ದ ಮೇಲೆ ಇರುತ್ತೆ ನೋಡಿ ಮೇಯೋದು! ಒಂದು ಹುಳ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ 80 ಪರ್ಸೆಂಟಿಗಿಂತ ಜಾಸ್ತಿ ಆ ಕೊನೇ ವಾರದಲ್ಲೇ ಖರ್ಚು. ಅವಾಗ ನಾವೆಲ್ಲ ಜಗಲಿ ಮೇಲೆ ಮಲಗ್ತಿದ್ವಿ, ಒಳಗೆಲ್ಲ ಹುಳದ್ದೇ ರಾಜ್ಯ, ಅಗರಬತ್ತಿ ಹಚ್ಚಂಗಿಲ್ಲ ಬೀಡಿ ಸೇದಂಗಿಲ್ಲ, ಒಗ್ಗರಣೆ ಹಾಕೋದಾದ್ರೂ ಹಿತ್ಲಲ್ಲಿ. ಅವ್ವ ಹುಳದ ಮನೆ ಬಾಗ್ಲಲ್ಲೇ ಗೋಣಿಚೀಲ ಹಾಸ್ಕೊಂಡು ಮಲಗೋಳು. ಮೇಯೋ ಸದ್ದು ಇರೋವರೆಗೂ ನಿದ್ದೆ, ಸದ್ದು ನಿಂತ್ರೆ ಎಚ್ಚರ. ಅಲಾರಾಂ ಗಿಲಾರಾಂ ಏನೂ ಇಲ್ಲ.

ಇನ್ನು ಹಾಲುತೊಂಡೆ ರೋಗ. ತಗುಲಿದ ಹುಳದ ಗೆಣ್ಣು ಊದ್ಕೊಂಡು ಮೈಯಿಂದ ಹಾಲಿನಂತ ಕೀವು ಸೋರುತ್ತೆ, ಅದು ಬಿದ್ದ ಸೊಪ್ಪು ತಿಂದ ಹುಳಕ್ಕೂ ರೋಗ. ಕೀವು ಬರೋತನಕ ಕಾದ್ರೆ ಆಯ್ತು ಕಥೆ. ರೋಗದ ಹುಳ ಸೊಪ್ಪು ಬಿಟ್ಟು ತಟ್ಟೆ ಅಂಚಲ್ಲಿ ಸುತ್ತಾಡೋಕೆ ಶುರು ಮಾಡುತ್ತೆ, ಅದನ್ನ ಅವ್ವ ಬಾಗ್ಲಲ್ಲಿ ನಿಂತೇ ಕಂಡುಹಿಡಿಯೋಳು, ಎರಡು ಕಡ್ಡೀಲಿ ಎತ್ತಿ ಸುಣ್ಣದ ನೀರಿನ ಡಬ್ಬಕ್ಕೆ ಹಾಕೋಳು. ಊಜಿ ನೊಣ ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ, ಅವ್ವ ಮದ್ವೆ ಆಗಿ ಬಂದ ಹೊಸ್ದು. ಹುಳದ ಮೈಮೇಲೇ ಮೊಟ್ಟೆ ಇಟ್ಟು ಒಳಗಿಂದ ತಿಂದು ಹಾಕೋ ನೊಣ ಅದು. ಬೀದೀಲಿ ಎಲ್ರಿಗಿಂತ ಮುಂಚೆ ಕಿಟಕಿಗೆ ಪರದೆ ಹೊಡ್ಸಿದ್ದು ನಮ್ಮವ್ವ, ಅದೂ ಅತ್ತೆ ಹತ್ರ ಬೈಸ್ಕೊಂಡು.

ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾದ ಹುಳ ಆಯ್ದು ಚಂದ್ರಂಕಿಗೆ (ಹುಳ ಗೂಡು ಕಟ್ಟೋ ತಟ್ಟಿ) ಬಿಟ್ಟು, ಗೂಡು ಬಿಡಿಸಿ ಚೀಲಕ್ಕೆ ತುಂಬೋವರೆಗೂ ಅವ್ವಂದು. ಟೆಂಪೋ ಹತ್ತಿದ್ ಮೇಲೆ ಅಪ್ಪಂದು. ರಾಮನಗರ ಮಾರ್ಕೆಟ್ಟಲ್ಲಿ ಹರಾಜು ಕೂಗಿಸಿ ದುಡ್ಡು ತಗೊಂಡು ಬರೋದು ಅಪ್ಪ, ಚೀಟಿ ಅಪ್ಪನ ಹೆಸ್ರಲ್ಲಿ, ಪಹಣಿ ಅಪ್ಪನ ಹೆಸ್ರಲ್ಲಿ, ರೇಷ್ಮೆ ಇಲಾಖೆ ಪಾಸ್‌ಬುಕ್ಕೂ ಅಪ್ಪನ ಹೆಸ್ರಲ್ಲೇ. ಅಪ್ಪ ಕೆಟ್ಟೋರಲ್ಲ, ಮದ್ದೂರಲ್ಲಿ ಇಳಿದು ನಮಗೆಲ್ಲ ವಡೆ ಕಟ್ಟಿಸ್ಕೊಂಡು ಬರೋರು. ಆದ್ರೂ ಎಷ್ಟಕ್ಕೆ ಹೋಯ್ತು ಅಂತ ಅವ್ವ ಎರಡು ಸಲ ಕೇಳಿದ್ಮೇಲೇ ಬಾಯಿಬಿಡ್ತಿದ್ದಿದ್ದು.

2011ರ ಕೇಂದ್ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕನ 30 ಪರ್ಸೆಂಟಿಂದ 5ಕ್ಕೆ ಇಳಿಸಿದ್ರಲ್ಲ, ಚೈನಾ ನೂಲು ಬಂದು ಗೂಡಿನ ರೇಟು ನೆಲ ಕಚ್ತು. ನಮ್ಮೂರಲ್ಲಿ ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದ್ರು. ಅಪ್ಪನೂ ಜೆಸಿಬಿಗೆ ಹೇಳಿ ಬಂದಿದ್ರು. ಅವ್ವ ಕೂಗಾಡ್ಲಿಲ್ಲ, ಅಳ್ಲಿಲ್ಲ, ಲೆಕ್ಕ ಹೇಳಿದ್ಲು: ಕಬ್ಬಿನ ದುಡ್ಡು ವರ್ಷಕ್ಕೊಂದ್ಸಲ, ಅದೂ ಕಾರ್ಖಾನೆಯವ್ರು ಕೊಟ್ಟಾಗ, ಹುಳದ್ದು ಕಮ್ಮಿ ಬಂದ್ರೂ ವರ್ಷಕ್ಕೆ ಐದು ಸಲ ಕೈಗೆ ಸಿಗ್ತದೆ, ಇವಳ ಹಾಸ್ಟೆಲ್ ಫೀಸು ಯಾವ ಕಬ್ಬಲ್ಲಿ ಕಟ್ತೀಯ? ಇವಳು ಅಂದ್ರೆ ನಾನು. ಅರ್ಧ ಎಕರೆ ಉಳೀತು. ಆಮೇಲೆ ರೇಟು ಚೇತರಿಸ್ಕೊಂಡಾಗ ಕಿತ್ತಿದ್ದೋರೇ ನಮ್ಮ ತೋಟಕ್ಕೆ ನೆಡೋಕೆ ಹಿಪ್ಪುನೇರಳೆ ಕಡ್ಡಿ ಕೇಳ್ಕೊಂಡು ಬಂದ್ರು. ಇದನ್ನ ಬೇರೆ ಯಾರಾದ್ರೂ ಮಾಡಿದ್ರೆ ಪ್ರಗತಿಪರ ರೈತ ಅಂತ ಪೇಪರಲ್ಲಿ ಫೋಟೋ ಹಾಕ್ತಾರೆ ಸ್ವಾಮಿ.

ನಂಗೆ ಮಗು ಆಗಿ ಮೆಟರ್ನಿಟಿ ಲೀವ್ ಮುಗಿದಾಗ ಅವ್ವ ಮೈಸೂರಿಗೆ ಬಂದ್ಲು. ನನ್ ಕೆಲಸ ಉಳ್ದಿದ್ದು ಅವಳಿಂದ, ಇದ್ರಲ್ಲಿ ಎರಡು ಮಾತಿಲ್ಲ. ನಮ್ಮ ಜಿಲ್ಲೇಲಿ ಬೆಳಿಗ್ಗೆ ಬೆಳಿಗ್ಗೆನೇ ಗಾರ್ಮೆಂಟ್ಸ್ ಬಸ್ಸು ಹತ್ತೋ ಹೆಣ್ಮಕ್ಕಳನ್ನ ಕೇಳಿ, ಎಲ್ರ ಮನೇಲೂ ಕೂಸನ್ನ ಸೊಂಟಕ್ಕೆ ಹಾಕ್ಕೊಂಡು ನಿಂತಿರೋ ಒಬ್ಳು ಅಜ್ಜಿ ಇರ್ತಾಳೆ, ಅವಳಿಗೆ ಸಂಬಳ ಇಲ್ಲ, ಭಾನುವಾರನೂ ಇಲ್ಲ. ಹುಳ ಬಂದಾಗ ಅವ್ವ ಊರಿಗೆ ಓಡೋಳು, ಗೂಡು ಬಿಡಿಸಿ ವಾಪಸ್ ಬರೋಳು. ಮಗಳಿಗೆ ಉಪ್ಸಾರಿನ ಖಾರ ಅಭ್ಯಾಸ ಮಾಡ್ಸಿದ್ದು, ಪಕ್ಕದ ಖಾಲಿ ಸೈಟಲ್ಲಿ ದಂಟು ಅವರೆ ಹಾಕಿ ಸೈಟ್ ಓನರ್ ಜಗಳಕ್ಕೆ ಬಂದ್ರೆ ಅವ್ರಿಗೇ ಒಂದು ಚೀಲ ಅವರೆಕಾಯಿ ಕೊಟ್ಟು ಕಳ್ಸಿದ್ದು, ಬರೀತಾ ಹೋದ್ರೆ ಮುಗಿಯಲ್ಲ.

ಒಂದು ಹೇಳ್ಲೇಬೇಕು. ಒಂದ್ಸಲ ಮೈಸೂರಲ್ಲಿ ಅವಳಿಗೆ ರೇಷ್ಮೆ ಸೀರೆ ಕೊಡಿಸೋಣ ಅಂತ ಕರ್ಕೊಂಡು ಹೋದೆ. ಸೇಲ್ಸ್ ಹುಡುಗ ಸೆರಗು ಹರಡಿ ಬಾರ್ಡರ್ ತೋರಿಸ್ತಿದ್ರೆ ಅವ್ವ "ತೂಕ ಎಷ್ಟಪ್ಪ ಇದು?" ಅಂದ್ಲು. ಅವ್ನು ತಬ್ಬಿಬ್ಬು, ಅರ್ಧ ಕೆಜಿ ಇರ್ಬೋದಮ್ಮ ಅಂದ. ಒಂದು ಕೆಜಿ ನೂಲಿಗೆ ಏಳೆಂಟು ಕೆಜಿ ಗೂಡು ಬೇಕು, ಅವಾಗ ನಮಗೆ ಸಿಕ್ಕಿದ್ದು ಕೆಜಿಗೆ ಇನ್ನೂರು ಚಿಲ್ರೆ. ಬೆರಳು ಮಡಿಸಿ "ಸಾವ್ರ ರೂಪಾಯಿ ಗೂಡೂ ಇಲ್ವಲ್ಲ ಇದ್ರಲ್ಲಿ, ಮಿಕ್ಕಿದ್ದೆಲ್ಲ ಯಾರ್ದು?" ಅಂತ ಜೋರಾಗೇ ಕೇಳಿದ್ಲು. ಸೀರೆ ತಗೊಳ್ಲಿಲ್ಲ. ಆ ಪ್ರಶ್ನೆಗೆ ಎಂಬಿಎ ಓದಿರೋ ನನ್ ಗಂಡನ ಹತ್ರನೂ ನೆಟ್ಟಗೆ ಉತ್ತರ ಇರ್ಲಿಲ್ಲ.

2005ರಲ್ಲಿ ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂದ್ಮೇಲೆ ತವರಿನ ಅಣ್ತಮ್ಮಂದ್ರು ಬಂದು ನಂಗೆ ಪಾಲು ಬೇಡ ಅನ್ನೋ ಹಕ್ಕು ಖುಲಾಸೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು, ಗೌರಿ ಹಬ್ಬಕ್ಕೆ ಸೀರೆ ಮಾತ್ರ ತಪ್ಪದೆ ಕಳಿಸ್ತಿದ್ರು. ಅಪ್ಪ ಹೋದ್ಮೇಲೆ ಖಾತೆ ಅಣ್ಣನ ಹೆಸ್ರಿಗೆ ಆಯ್ತು, ಅಲ್ಲೂ ಹೆಬ್ಬೆಟ್ಟು. (ನಂದೂ ಒಂದು ಸೈನ್ ಐತೆ ಅದ್ರಲ್ಲಿ, ಅದು ಬೇರೆ ಪೋಸ್ಟಿಗಾಗೋ ಕಥೆ.) ಅವಳ ಸ್ವಂತ ಅಕೌಂಟಿಗೆ ಅಂತ ತಿಂಗಳು ತಿಂಗಳು ದುಡ್ಡು ಬಿದ್ದಿದ್ದು 2023ರಲ್ಲಿ ಗೃಹಲಕ್ಷ್ಮಿ ಬಂದ್ಮೇಲೇನೆ. ಬಿಟ್ಟಿ ಭಾಗ್ಯ ಅಂತ ಆಡ್ಕೊಳೋರು ಆಡ್ಕೊಳಿ. ಮೊದಲ ಎರಡು ಸಾವಿರದಲ್ಲಿ ಮೊಮ್ಮಗಳಿಗೆ ಶೂಸು, ಮಿಕ್ಕಿದ್ದಕ್ಕೆ ಹುಳದ ಮನೆಗೆ ಎಲ್‌ಇಡಿ ಬಲ್ಬು ತಂದ್ಲು.

ಈಗ ಹುಳ ನೋಡ್ಕೊಳ್ಳೋದು ಅತ್ತಿಗೆ. ಅವ್ವನ ಕೈಕೆಳಗೆ ಪಳಗಿರೋಳು, ಅವಳಷ್ಟೇ ಚುರುಕು. ತಿಥಿ ಮುಗಿದ ರಾತ್ರಿ ಅಣ್ಣಂಗೆ ಹೇಳ್ದೆ, ಪಾಸ್‌ಬುಕ್ಕು, ಗೂಡಿನ ದುಡ್ಡು ಬೀಳೋ ಅಕೌಂಟು ಎರಡೂ ಅತ್ತಿಗೆ ಹೆಸ್ರಿಗೆ ಮಾಡ್ಸು, ಅರ್ಧ ಎಕರೆನೂ ಅವಳ ಹೆಸ್ರಿಗೆ ಬರೆದ್ರೆ ಇನ್ನೂ ಒಳ್ಳೇದು ಅಂತ. "ನೋಡಣ ಬುಡು, ಈಗ್ಲೇ ಏನ್ ಅವಸ್ರ" ಅಂದ. ಅತ್ತಿಗೆ ಪಾತ್ರೆ ತೊಳೀತಾ ಇದ್ದೋಳು ಅಲ್ಲಿಂದಲೇ "ಆಧಾರ್ ಜೆರಾಕ್ಸ್ ಎಷ್ಟು ಬೇಕಾಗ್ತದೆ ಅಕ್ಕ?" ಅಂದ್ಲು. ಎರಡು ತಂದಿಟ್ಕೊ ಅಂದಿದೀನಿ. ಮುಂದಿನ ಬೆಳೆಗೆ ಮೊಟ್ಟೆ ತರೋದ್ರೊಳಗೆ ಅವಳನ್ನ ಕರ್ಕೊಂಡು ನಾನೇ ಮಳವಳ್ಳಿಗೆ ಹೋಗ್ತೀನಿ, ಅಣ್ಣ ಈ ಪೋಸ್ಟ್ ಓದಿದ್ರೆ ಓದ್ಲಿ.