ಕಿಡಿಯೊ ಒಬ್ಬರ ಕೈಯ ಕೆಲಸವಲ್ಲ

ಹೋದ ವರ್ಷ ಡಿಸೆಂಬರ್ 23ರ ರಾತ್ರಿ ಹನ್ನೊಂದೂವರೆಗೆ, ಜರ್ಮನಿಯ ಮ್ಯೂನಿಕ್‌ನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಾನೊಬ್ಬನೇ ಒಲೆಯ ಮುಂದೆ ನಿಂತಿದ್ದೆ. ಹೆಂಡತಿ ನರ್ಸ್, ಆ ವಾರವೆಲ್ಲ ಅವಳಿಗೆ ರಾತ್ರಿ ಪಾಳಿ. ನನ್ನ ಆಫೀಸಿನ ಕೆಲಸ ಮುಗಿದದ್ದೇ ಸಂಜೆ ಆರಕ್ಕೆ. ಊರಿನಲ್ಲಿ ಅಮ್ಮ ಮಾಡುವ ಹಾಗೆ ಐದು ಬಗೆಯ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಮಾಡಿಯೇ ತೀರುತ್ತೇನೆಂದು ಹಟ ಹಿಡಿದು, ಮಕ್ಕಳಿಗೆ ಊಟ ಹಾಕಿ ಮಲಗಿಸಿ ಶುರು ಮಾಡಿದ್ದೆ. ಕರ್ಜಿಕಾಯಿಯಂಥ ನೆವ್ರಿ ಎಣ್ಣೆಗೆ ಬಿದ್ದದ್ದೇ ಬಾಯಿ ಬಿಟ್ಟಿತು. ಒಳಗಿನ ಎಳ್ಳು, ಕಾಯಿತುರಿ ಎಲ್ಲ ಹೊರಬಂದು ಕರಟಿ ಕಪ್ಪಾಯಿತು. ಹೊಗೆಗೆ ಅಲಾರಂ ಕಿರುಚಿತು. ಚಿಕ್ಕ ಮಗ ಕಣ್ಣುಜ್ಜುತ್ತ ಎದ್ದು ಬಂದು, “ಪಪ್ಪಾ, ನಾನೂ ಮಾಡ್ತೇನೆ” ಅಂದ. “ಸುಮ್ಮನೆ ಹೋಗಿ ಮಲಗು” ಎಂದು ಗದರಿದೆ. ಅವನು ಅಳುತ್ತಲೇ ಹೋದ. ಆ ಅಳು ವರ್ಷವಿಡೀ ನನ್ನನ್ನು ಬಿಡಲಿಲ್ಲ.

ನಮ್ಮದು ಮೂಡುಬಿದಿರೆ ಕಡೆ. ಮನೆಮಾತು ಕೊಂಕಣಿ, ಓದಿದ್ದು ಬರೆದದ್ದು ಕನ್ನಡ. ಡಿಸೆಂಬರ್ ಅರ್ಧ ಕಳೆಯುತ್ತಿದ್ದಂತೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕಿಡಿಯೊಗೆ ಕೂರುತ್ತಿದ್ದರು. ಮೈದಾ, ಮೊಟ್ಟೆ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟು. ಗೋಲಿಯಷ್ಟು ದೊಡ್ಡ ಉಂಡೆ ಮಾಡಿ, ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಎಳೆದು ಸುರುಳಿ ಸುತ್ತಿದರೆ ಬೆನ್ನ ಮೇಲೆ ಗೆರೆ ಬಿದ್ದು ಸಮುದ್ರದ ಚಿಪ್ಪಿನ ಹಾಗೆ ಕಾಣುತ್ತದೆ. ಆಮೇಲೆ ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಒಂದು ಕಿಲೋ ಹಿಟ್ಟಿಗೆ ಲೆಕ್ಕವಿಲ್ಲದಷ್ಟು ಆಗುತ್ತವೆ, ಒಂದೊಂದನ್ನೂ ಕೈಯಲ್ಲೇ ಸುತ್ತಬೇಕು. ಅಜ್ಜಿ, ಅಮ್ಮ, ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯ ಅಕ್ಕ, ನಾವು ಆರೇಳು ಮಕ್ಕಳು, ಎಲ್ಲರೂ ಸುತ್ತುತ್ತಿದ್ದೆವು. ನಾನು ಸುತ್ತಿದ್ದು ವಕ್ರವಾಗಿದ್ದರೂ ಅಜ್ಜಿ ಅದನ್ನು ತೆಗೆದು ಹಾಕಿದ್ದಿಲ್ಲ, ಉಳಿದವುಗಳ ಜೊತೆಗೇ ಬಾಣಲೆಗೆ ಬಿಡುತ್ತಿದ್ದಳು. ತಟ್ಟೆಯಲ್ಲಿ ನನ್ನದು ಯಾವುದು ಎಂದು ಹುಡುಕಿ ತಿನ್ನುತ್ತಿದ್ದೆ.

ಅದು ಮೊದಲಿನಿಂದಲೂ ಹತ್ತು ಕೈಗಳ ತಿಂಡಿ. ನಾನು ಅಳತೆಯನ್ನು ಬರೆದುಕೊಂಡು ಬಂದೆ, ಕೈಗಳು ಊರಿನಲ್ಲೇ ಉಳಿದವು. ಹೋದ ವರ್ಷ ಎಡವಿದ್ದು ಅಲ್ಲೇ.

ಇಲ್ಲಿಯವರಿಗೂ ಹತ್ತು ಕೈಗಳಿಲ್ಲ. ಆದರೆ ಅವರು ಕೆಲಸವನ್ನು ದಿನಗಳ ಮೇಲೆ ಹರಡಿಕೊಂಡಿದ್ದಾರೆ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳು ಅಡ್ವೆಂಟ್. ಹಸಿರು ಕೊಂಬೆಗಳ ಬಳೆಯ ಮೇಲೆ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹೆಚ್ಚು ಹಚ್ಚುತ್ತಾರೆ. ಇದನ್ನು ಶುರು ಮಾಡಿದವರು ಹ್ಯಾಂಬರ್ಗ್‌ನಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಆಸರೆಮನೆ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಖ್ ವಿಖೆರ್ನ್. ಮಕ್ಕಳು ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಕೇಳುತ್ತಲೇ ಇದ್ದರಂತೆ. 1839ರಲ್ಲಿ ಅವರು ಒಂದು ಬಂಡಿಚಕ್ರದ ಮೇಲೆ ವಾರದ ದಿನಗಳಿಗೆ ಚಿಕ್ಕ ಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಕಿಟಕಿ ತೆರೆಯುತ್ತ ಕ್ರಿಸ್ಮಸ್‌ಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರ್ ಕೂಡ ಇಲ್ಲಿದೆ. ಅಡ್ವೆಂಟ್ ಕ್ಯಾಲೆಂಡರನ್ನು 20ನೇ ಶತಮಾನದ ಆರಂಭದಲ್ಲಿ ಮುದ್ರಿಸಿ ಹೆಸರಾದವರು ನಮ್ಮ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್. ಅವರು ಚಿಕ್ಕವರಿದ್ದಾಗ ತಾಯಿ ಒಂದು ರಟ್ಟಿಗೆ 24 ಪುಟ್ಟ ಬಿಸ್ಕತ್ತು ಹಚ್ಚಿ, ದಿನಕ್ಕೊಂದು ತಿನ್ನಲು ಕೊಡುತ್ತಿದ್ದರಂತೆ. ಒಬ್ಬ ತಾಯಿಯ ಕೈಯ ಉಪಾಯ ಇಡೀ ಲೋಕ ಸುತ್ತಿತಲ್ಲ, ಅದನ್ನು ಓದಿದಾಗ ನನಗೆ ತುಂಬ ಸಂತೋಷವಾಯಿತು.

ಡಿಸೆಂಬರ್ 5ರ ಸಂಜೆ ಮಕ್ಕಳು ಬೂಟು ಒರೆಸಿ ಬಾಗಿಲ ಹೊರಗೆ ಇಡುತ್ತಾರೆ, ಮರುದಿನ ಸಂತ ನಿಕೋಲಸನ ಹಬ್ಬ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಮನೆಯಲ್ಲೇ ಕೂತು ಬಿಸ್ಕತ್ತು ಬೇಯಿಸುತ್ತಾರೆ, ಡಬ್ಬ ತುಂಬಿಡುತ್ತಾರೆ. 24ರಂದು ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿ ಬಂದ್. ಹಬ್ಬದ ರಾತ್ರಿ ಎಷ್ಟೋ ಮನೆಗಳಲ್ಲಿ ಉಣ್ಣುವುದು ಬರೀ ಆಲೂಗಡ್ಡೆ ಸಲಾಡ್ ಮತ್ತು ಬೇಯಿಸಿದ ಸಾಸೇಜ್. ಮೊದಲ ವರ್ಷ ಅದನ್ನು ಕಂಡು ನನಗೆ ಪೆಚ್ಚೆನಿಸಿತ್ತು. ಸನ್ನಣ, ಹಂದಿ ಬಾಫತ್ ಉಂಡು ಬೆಳೆದವನಿಗೆ ಇದೆಂಥ ಹಬ್ಬ ಅನ್ನಿಸಿತ್ತು. ಈಗ ಅನ್ನಿಸುವುದೇ ಬೇರೆ. ಆ ರಾತ್ರಿ ಅಡುಗೆಮನೆಯಲ್ಲಿ ಯಾರೂ ಬೆವರು ಸುರಿಸುತ್ತಿರುವುದಿಲ್ಲ, ಮನೆಯವರೆಲ್ಲ ಮೇಜಿನ ಸುತ್ತ ಕೂತಿರುತ್ತಾರೆ. ನನ್ನ ಅಮ್ಮ ಕ್ರಿಸ್ಮಸ್ ದಿನ ನಮ್ಮ ಜೊತೆ ಕೂತು ಊಟ ಮಾಡಿದ್ದನ್ನು ನೆನಪು ಮಾಡಿಕೊಳ್ಳಲು ಹೊರಟರೆ ಒಂದೂ ಸಿಗುವುದಿಲ್ಲ. ಬಡಿಸುತ್ತ ನಿಂತ ಅಮ್ಮನೇ ಕಣ್ಣಿಗೆ ಬರುತ್ತಾಳೆ.

ದುಡಿಯುವ ಅಪ್ಪ ಅಮ್ಮಂದಿರಿಗೆ ಈ ರೀತಿಯೇ ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ದಿನಕ್ಕೆ ಹತ್ತು ನಿಮಿಷ, ಭಾನುವಾರಕ್ಕೆ ಎರಡು ಗಂಟೆ, ಅಷ್ಟನ್ನು ಯಾರು ಬೇಕಾದರೂ ಹೊಂದಿಸಬಹುದು. ಊರಿನಲ್ಲೂ ಈಗ ನಡುಮನೆಯಲ್ಲಿ ಹತ್ತು ಜನ ಇಲ್ಲ. ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ತಂದು ತಿನ್ನುವವರನ್ನು ನಾನು ಖಂಡಿತ ದೂರುವುದಿಲ್ಲ, ಎಂಟು ಗಂಟೆ ದುಡಿದು ಬಂದವರು ಮತ್ತೇನು ಮಾಡಿಯಾರು? ಆದರೆ ಒಂದೇ ಒಂದು ತಿಂಡಿಯಾದರೂ ಮಕ್ಕಳ ಕೈಯಿಂದ ಹಾದು ಬರಲಿ ಎಂದು ಕೇಳಿಕೊಳ್ಳುತ್ತೇನೆ. ತನ್ನದು ಎಂದು ಹುಡುಕಿಕೊಳ್ಳಲು ಮಗುವಿಗೂ ತಟ್ಟೆಯಲ್ಲಿ ಏನಾದರೂ ಇರಬೇಡವೇ?

ಇಲ್ಲಿಯ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ್ದೂ ಒಂದಿದೆ. 24ರ ಸಂಜೆ ಬೀದಿ ಖಾಲಿ, ಪ್ರತಿ ಮನೆಯ ಬಾಗಿಲೂ ಮುಚ್ಚಿರುತ್ತದೆ. ಯಾರೂ ಯಾರ ಮನೆಯ ಗಂಟೆಯನ್ನೂ ಒತ್ತುವುದಿಲ್ಲ. ನಮ್ಮಲ್ಲಿ ಕುಸ್ವಾರ್ ತಯಾರಾದ ಕೂಡಲೇ ಮೊದಲ ಕೆಲಸ ತಟ್ಟೆಗೆ ಹಾಕಿ, ಮೇಲೆ ಬಿಳಿ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕಳಿಸುವುದು. ಒಯ್ಯುವ ಕೆಲಸ ಮಕ್ಕಳದು. ಚೌತಿಗೆ ಹಿಂದೂಗಳ ಮನೆಯಿಂದ ಉಂಡೆ, ಚಕ್ಕುಲಿ ಬಂದಿರುತ್ತದೆ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯಿಂದ ಪೆರ್ನಾಲಿಗೆ, ಅಂದರೆ ಈದ್‌ಗೆ, ತಿಂಡಿ ಬಂದಿರುತ್ತದೆ. ತಟ್ಟೆಯನ್ನು ಬರಿದಾಗಿ ಯಾರೂ ಹಿಂದೆ ಕೊಡುತ್ತಿರಲಿಲ್ಲ, ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಹಬ್ಬ ನಮ್ಮ ಹೊಸಿಲು ದಾಟುತ್ತಿತ್ತು. ಇದನ್ನು ಮಾತ್ರ ನಾನು ಇಲ್ಲಿಯ ಯಾವುದಕ್ಕೂ ಬದಲಿಗೆ ಕೊಡಲಾರೆ.

ಹಾಗಾಗಿ ಈ ಸಲ ಐದು ಬಗೆಯ ಆಸೆ ಬಿಟ್ಟೆ. ಕಿಡಿಯೊ ಒಂದೇ. ಎರಡನೇ ಅಡ್ವೆಂಟ್ ಭಾನುವಾರ ಮಧ್ಯಾಹ್ನ ಉಡುಪಿಯವರ ಮನೆಯ ನಾಲ್ವರು, ಶಿವಮೊಗ್ಗದ ಗೆಳೆಯ ಮತ್ತು ಅವನ ಮಗಳು, ಕೆಳಗಿನ ಮಹಡಿಯಲ್ಲಿ ಒಬ್ಬರೇ ಇರುವ ವಯಸ್ಸಾದ ಜರ್ಮನ್ ಮಹಿಳೆ, ಇಷ್ಟು ಜನರನ್ನು ಕರೆದೆವು. ಎಲ್ಲರೂ ಅವರವರ ಫೋರ್ಕ್ ತನ್ನಿ ಎಂದೆ, ನಮ್ಮಲ್ಲಿ ಇದ್ದದ್ದು ಆರು ಮಾತ್ರ. “ಇದು ಶಂಕರಪೋಳಿಯ ಹಿಟ್ಟೇ ಅಲ್ವೇನೋ ಮಾರಾಯ” ಎಂದು ಶಿವಮೊಗ್ಗದವನು ಕೂತ. ಕೆಳಗಿನ ಮನೆಯವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಇಟಲಿಯವರ ನ್ಯೋಕಿ ಹೀಗೇ ಇರುತ್ತದೆ ಎಂದರು, ಮತ್ತೆ ನಮಗೆಲ್ಲರಿಗಿಂತ ಬೇಗ ಸುತ್ತತೊಡಗಿದರು. ಅಮ್ಮ ಫೋನಿನ ಪರದೆಯಲ್ಲೇ ಕೂತು, “ಪುತಾ, ಎಣ್ಣೆ ಅಷ್ಟು ಕಾಯಿಸಬೇಡ, ಒಳಗೆ ಹಸಿ ಉಳಿಯುತ್ತದೆ” ಎಂದು ಹೇಳುತ್ತಲೇ ಇದ್ದಳು. ಮಗ ಸುತ್ತಿದ್ದೆಲ್ಲ ವಕ್ರ. ಒಂದನ್ನೂ ತೆಗೆಯಲಿಲ್ಲ.

ತಟ್ಟೆ ಒಯ್ಯುವ ಕೆಲಸ ಮಕ್ಕಳಿಗೇ ಕೊಟ್ಟೆ. ನಮ್ಮ ಕಟ್ಟಡದ ಆರು ಮನೆಗಳಿಗೆ ಹೋಗಿ ಬಂದರು. ಎರಡು ಮನೆಯವರು ಬಾಗಿಲು ತೆರೆದು ಗಲಿಬಿಲಿಯಾದರಂತೆ. ಆದರೆ 23ರಂದು ನಮ್ಮ ಬಾಗಿಲ ಬಳಿ ವೆನಿಲ್ಲಾ ಬಿಸ್ಕತ್ತಿನ ಮೂರು ಡಬ್ಬಗಳಿದ್ದವು.

ಇನ್ನೊಂದು ಹೇಳಬೇಕು. ಡಿಸೆಂಬರ್ 4 ಸಂತ ಬಾರ್ಬರಾಳ ದಿನ. ಇಲ್ಲಿ ಚೆರ್ರಿ ಮರದ ಬೋಳು ಕೊಂಬೆ ಕಡಿದು ತಂದು ಮನೆಯೊಳಗೆ ನೀರಿನಲ್ಲಿ ಇಡುತ್ತಾರೆ. ಒಳಗಿನ ಬಿಸುಪಿಗೆ ಅದು ಕ್ರಿಸ್ಮಸ್ ಹೊತ್ತಿಗೆ ಹೂಬಿಡಬೇಕು. ಮಗಳು ಶಾಲೆಯಿಂದ ಒಂದು ಕೊಂಬೆ ತಂದಳು. ಅದನ್ನು ನೋಡಿದ್ದೇ ನನಗೆ ನಮ್ಮ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಸುತ್ತ ಇಡುವ ಸಸಿ ನೆನಪಾಯಿತು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಗೆರಟೆಯಲ್ಲಿ ಮಣ್ಣು ತುಂಬಿ ಬತ್ತ ಚೆಲ್ಲುತ್ತಿದ್ದೆವು, ಗೋದಲಿಯ ಸುತ್ತ ಹಸಿರು ಗದ್ದೆ ಆಗಲಿ ಎಂದು. ಇಲ್ಲಿ ಬತ್ತ ಎಲ್ಲಿಂದ ತರಲಿ? ಇಡೀ ಗೋಧಿ ತಂದು ರಾತ್ರಿ ನೆನೆಸಿ, ಮೊಸರಿನ ಖಾಲಿ ಡಬ್ಬಿಗಳಲ್ಲಿ ಮಕ್ಕಳಿಂದಲೇ ಬಿತ್ತಿಸಿದೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನೀರು ಚಿಮುಕಿಸುವುದು ಮಗನ ಕೆಲಸ. ಕ್ಯಾಲೆಂಡರಿನ ಕಿಟಕಿ ತೆರೆಯುವುದನ್ನು ಮರೆತ ದಿನವೂ ಅವನು ಇದನ್ನು ಮರೆಯಲಿಲ್ಲ. ಚೆರ್ರಿ ಕೊಂಬೆಯಲ್ಲಿ ನಾಲ್ಕು ಹೂ ಬಂತು, ಗೋಧಿ ಗೇಣುದ್ದ ಬೆಳೆಯಿತು.

ಈ ಸಲವೂ 24ರ ರಾತ್ರಿ ಹೆಂಡತಿಗೆ ಪಾಳಿ ಬಿತ್ತು. ಸಂಜೆ ನಾಲ್ಕರ ಮಕ್ಕಳ ಪೂಜೆ ಮುಗಿಸಿ ಬಂದು, ಗೋದಲಿಯ ಸುತ್ತ ಗೋಧಿ ಜೋಡಿಸಿ, ಆಲೂಗಡ್ಡೆ ಸಲಾಡನ್ನೇ ಉಂಡೆವು. ಬಾಲಯೇಸುವನ್ನು ಇಡುವ ಹೊತ್ತಿಗೆ ಮಗಳು ಬೇಡ ಅಂದಳು, “ಮಮ್ಮಿ ಬರ್ಲಿ.” ರಾತ್ರಿಯೆಲ್ಲ ಹುಲ್ಲಿನ ತೊಟ್ಟಿಲು ಖಾಲಿ ಇತ್ತು. ಬೆಳಿಗ್ಗೆ ಏಳೂವರೆಗೆ, ಇನ್ನೂ ಬೆಳಕು ಹರಿದಿರಲಿಲ್ಲ, ಬೀಗದಲ್ಲಿ ಕೀ ತಿರುಗಿದ ಸದ್ದಿಗೆ ಮಕ್ಕಳಿಬ್ಬರೂ ಬರಿಗಾಲಲ್ಲಿ ಓಡಿದರು. ಅವಳು ಕೋಟು ಬಿಚ್ಚುವುದಕ್ಕೂ ಬಿಡದೆ ಕೈಹಿಡಿದು ಎಳೆದು ತಂದರು. ಚಳಿಗೆ ಮರಗಟ್ಟಿದ ಬೆರಳುಗಳಿಂದಲೇ ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಕಿಟಕಿಯ ಕಡೆ ಬಾಗಿದ್ದ ಗೋಧಿಯನ್ನು ಮೆಲ್ಲಗೆ ಈಚೆಗೆ ತಿರುಗಿಸಿದಳು.