ರಾಟ್‌ವೈಲರ್ ಸಾಕಿದವರಿಗೆ ಜೈಲು? ಹಾಗೇನಿಲ್ಲ

"23 ತಳಿಯ ನಾಯಿಗಳಿಗೆ ಕೇಂದ್ರದ ನಿಷೇಧ, ಮನೆಯಲ್ಲಿದ್ದರೆ ಹಿಡಿದುಕೊಂಡು ಹೋಗ್ತಾರೆ, ಮಾಲೀಕರಿಗೆ ಜೈಲು" ಅನ್ನೋ ವಾಟ್ಸಾಪ್ ಸಂದೇಶ ಮತ್ತೆ ಸುತ್ತುತ್ತಿದೆ. ಇದು ತಪ್ಪು.

ನಡೆದದ್ದು ಇಷ್ಟು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್, ರಾಟ್‌ವೈಲರ್, ಡೋಗೋ ಅರ್ಜೆಂಟಿನೋ ಸೇರಿ 23 ತಳಿಗಳನ್ನು ಸಾಕಲು, ಮಾರಲು ಲೈಸೆನ್ಸ್ ಕೊಡಬೇಡಿ, ಈಗಾಗಲೇ ಮನೆಯಲ್ಲಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಿ ಅಂತ ಅದರಲ್ಲಿತ್ತು. ಹಿಡಿದುಕೊಂಡು ಹೋಗಿ ಅಂತ ಆಗಲೂ ಹೇಳಿರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಸರಿಯಲ್ಲ, ಬೇಕಿದ್ದರೆ ಎಲ್ಲರನ್ನೂ ಕೇಳಿ ಹೊಸದಾಗಿ ನಿಯಮ ಮಾಡಿ ಅಂದಿತು. ಅಂದರೆ ಮುಂದೆ ನಿಯಮ ಬರಲೇಬಾರದು ಅಂತಲೂ ಅಲ್ಲ.

ಕೆಲವು ಊರುಗಳ ಪಾಲಿಕೆಗಳು ತಮ್ಮದೇ ನಿಯಮ ಮಾಡಿವೆ, ಗಾಜಿಯಾಬಾದ್ 2022ರಲ್ಲೇ ಮೂರು ತಳಿಗಳನ್ನು ನಿಷೇಧಿಸಿತ್ತು. ಹಾಗಾಗಿ ನಿಮ್ಮ ಪಾಲಿಕೆಯಲ್ಲಿ ಲೈಸೆನ್ಸ್ ವಿಚಾರ ಕೇಳಿಕೊಳ್ಳಿ.

ನಾನಂತೂ ರಾಟ್‌ವೈಲರ್ ತರುವುದಿಲ್ಲ. ಅದರ ಬಲ ಜಾಸ್ತಿ, ಚಿಕ್ಕಂದಿನಿಂದ ದಿನವೂ ಪಳಗಿಸಬೇಕು, ಸಣ್ಣ ಮಕ್ಕಳಿರುವ ನಮ್ಮ ಮನೆಗೆ ಅದು ಹೊಂದುವುದಿಲ್ಲ. ಆದರೆ ನಾನು ಬೇಡ ಅನ್ನುವುದು ಬೇರೆ, ಕಾನೂನು ಬೇಡ ಅನ್ನುವುದು ಬೇರೆ ಅಲ್ವಾ? ಈಗಾಗಲೇ ಸಾಕಿದವರು ದಯವಿಟ್ಟು ಇಂಥ ಸಂದೇಶಕ್ಕೆ ಹೆದರಿ ನಾಯಿಯನ್ನು ರಸ್ತೆಯಲ್ಲಿ ಬಿಟ್ಟು ಬರಬೇಡಿ. ಮನೆಯಲ್ಲೇ ಬೆಳೆದ ನಾಯಿ ಬೀದಿಯಲ್ಲಿ ಬದುಕುವುದು ಕಷ್ಟ, ಹಾಗೆ ಬಿಡುವುದು ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ.